ಮೊದಲನೆಯ ಪಂಕ್ತಿಯೋ, ಎರಡನೆಯದೋ?

ಮದುವೆಯ ಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ಹಿರಿಯರು, “ಮಕ್ಕಳನ್ನು ಮೊದಲನೆಯ ಪಂಕ್ತಿಗೆ ಕೂರಿಸಿರಿ” ಎಂದು ಕೂಗಿ ಹೇಳುವುದನ್ನು ನಮ್ಮ ವಾಚಕರೆಲ್ಲರೂ ಕೇಳಿಯೇ ಇರುವರು. ಹಸಿವನ್ನು ತಾಳಲಾರದವರು ಮೊದಲು ಉಣ್ಣಲಿ, ತಾಳಬಲ್ಲವರು ಆಮೇಲೆ ಉಣ್ಣಲಿ ಎಂಬುದೇ ಇದರಲ್ಲಿರುವ ನ್ಯಾಯ. ಈ ನ್ಯಾಯವನ್ನೇ ನಂಬಿ ನಾವು ೨೦೨೪ನೆಯ ಇಸವಿಯ ಬೇಸಿಗೆಯ ರಜೆಯಲ್ಲಿ ಸಮುದ್ರಯಾನಕ್ಕೆ ಹೊರಟೆವು. ಅದು ಅಲ್ಲಿ ಹೇಗೆ ತಲೆಕೆಳಗಾಯಿತೆಂಬುದನ್ನೂ, ಎಳೆಯ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತುವ ಗೃಹಿಣಿಯರು ಮೊದಲೇ ತಿಳಿದಿರಬೇಕಾದುದು ಏನೆಂಬುದನ್ನೂ ಇಲ್ಲಿ ಬರೆಯುತ್ತೇವೆ.

ನಮ್ಮ ಭಾವನವರು ಸಂಸಾರಸಮೇತರಾಗಿ ಸಿಂಗಪುರದಲ್ಲಿದ್ದಾರೆ. ನಾವಿರುವುದು ಬೆಂಗಳೂರಿನಲ್ಲಿ. ಅತ್ತೆಯವರು ನಮ್ಮೊಡನೆ ಇರುವರು. ಮಾವನವರ ವರ್ಷಾಂತಿಕ ಕಳೆದ ಮೇಲೆ ಆರು ವರ್ಷ ಅಣ್ಣತಮ್ಮಂದಿರಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿರಲಿಲ್ಲ. ಒಬ್ಬರು ಬಂದಾಗ ಇನ್ನೊಬ್ಬರಿಗೆ ರಜೆಯಿಲ್ಲ. “ನನ್ನ ಇಬ್ಬರು ಮಕ್ಕಳೂ ನಾಲ್ಕು ಮೊಮ್ಮಕ್ಕಳೂ ಒಂದು ಸಲ ಒಟ್ಟಿಗೆ ಕೂತು ಉಣ್ಣುವುದನ್ನು ನೋಡಿಬಿಟ್ಟರೆ ಸಾಕು” ಎಂದು ಅತ್ತೆಯವರು ಟೆಲಿಫೋನಿನಲ್ಲಿ ಹೇಳಿದ ಒಂದು ಮಾತಿನಿಂದಲೇ ಭಾವನವರು ಈ ಪ್ರಯಾಣವನ್ನು ಗೊತ್ತುಮಾಡಿದರು. ಸಿಂಗಪುರದಿಂದ ಹೊರಟು ಮಲೇಷ್ಯಾ ದೇಶದ ಪಿನಾಂಗ್, ಥಾಯ್ಲೆಂಡಿನ ಫುಕೆಟ್ ಎರಡನ್ನೂ ನೋಡಿಕೊಂಡು ಮರಳಿ ಸಿಂಗಪುರಕ್ಕೆ ಬರುವ ವಿಹಾರದ ಹಡಗು; ನಾಲ್ಕು ರಾತ್ರಿಗಳ ಯಾನ. ನಾವು ಒಟ್ಟು ಒಂಬತ್ತು ಜನ. ನಮ್ಮ ಮಗಳಿಗೆ ಆರು ವರ್ಷ, ಮಗನಿಗೆ ಮೂರೂವರೆ. ಭಾವನವರ ಮಗನಿಗೆ ಐದು, ಮಗಳಿಗೆ ನಾಲ್ಕು.

ಸ್ಥಳವನ್ನು ಕಾದಿರಿಸುವಾಗಲೇ ಹಡಗಿನವರು ಒಂದು ಪ್ರಶ್ನೆಯನ್ನು ಕೇಳುತ್ತಾರೆ: ರಾತ್ರಿಯ ಊಟಕ್ಕೆ ಐದೂಮುಕ್ಕಾಲು ಘಂಟೆಯ ಪಂಕ್ತಿಯೋ, ಎಂಟೂಕಾಲರ ಪಂಕ್ತಿಯೋ? ಈ ಪ್ರಶ್ನೆ ಏಕೆ ಹುಟ್ಟಿತೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹಡಗಿನಲ್ಲಿ ಮೂರು ನಾಲ್ಕು ಸಾವಿರ ಜನ ಪ್ರಯಾಣಿಕರು ಇರುವುದುಂಟು. ಅವರೆಲ್ಲರೂ ಒಮ್ಮೆಲೇ ಕುಳಿತುಕೊಳ್ಳುವಷ್ಟು ದೊಡ್ಡ ಭೋಜನಶಾಲೆಯನ್ನು ಕಟ್ಟುವುದು ಸಾಧ್ಯವಿಲ್ಲ. ಆದುದರಿಂದ ಅರ್ಧ ಜನರು ಉಣ್ಣುತ್ತಿರುವಾಗ ಮಿಕ್ಕ ಅರ್ಧ ಜನರನ್ನು ನಾಟಕಶಾಲೆಯಲ್ಲಿ ಹಾಡು ಕುಣಿತಗಳಿಂದ ರಂಜಿಸುತ್ತಾರೆ. ಆಮೇಲೆ ಅವರು ಇಲ್ಲಿಗೆ, ಇವರು ಅಲ್ಲಿಗೆ. ಒಂದು ಪಂಕ್ತಿ ಎದ್ದು ಮತ್ತೊಂದು ಕೂರುವುದರೊಳಗೆ ಮೇಜುಗಳನ್ನೆಲ್ಲ ಒರಸಿ ಹೊಸ ಬಟ್ಟೆ ಹಾಸಿ ತಟ್ಟೆಗಳನ್ನು ಇಡಬೇಕು. ಹೀಗಾಗಿ ಮೊದಲನೆಯ ಪಂಕ್ತಿಯವರು ನಿಧಾನವಾಗಿ ಹರಟುತ್ತ ಕೂರುವಂತಿಲ್ಲ.

ಈ ಕಟ್ಟುಪಾಡು ಎಲ್ಲ ಹಡಗುಗಳಲ್ಲಿಯೂ ಒಂದೇ ವಿಧವಾಗಿಲ್ಲ. ೧೯೯೮ರಲ್ಲಿ ಮೊದಲ ಯಾನ ಹೊರಟ ‘ಡಿಸ್ನಿ ಮ್ಯಾಜಿಕ್’ ಎಂಬ ಹಡಗಿನಲ್ಲಿ ಮಕ್ಕಳಿಗೆ ಬೇಸರವಾಗಬಾರದೆಂದು ದಿನಕ್ಕೊಂದು ಭೋಜನಶಾಲೆಯಂತೆ ಮೂರರಲ್ಲಿ ಸುತ್ತಿಸಿ, ಬಡಿಸುವವರೂ ಆಯಾ ಸಂಸಾರದ ಜೊತೆಯಲ್ಲಿಯೇ ತಿರುಗುವ ಏರ್ಪಾಟನ್ನು ಮಾಡಿದರು. ೨೦೦೦ದಲ್ಲಿ ನಾರ್ವೀಜಿಯನ್ ಎಂಬ ಕಂಪನಿಯವರು ಪಂಕ್ತಿಯ ವೇಳೆಯನ್ನೇ ತೆಗೆದುಹಾಕಿ, ಬೇಕಾದವರು ಬೇಕಾದಾಗ ಬಂದು ಉಣ್ಣಬಹುದೆಂದು ಸಾರಿದರು. ಈ ಎರಡನೆಯ ಬಗೆ ಸ್ವತಂತ್ರವಾದುದು ನಿಜ. ಆದರೆ ಎಲ್ಲರೂ ಏಳು ಘಂಟೆಗೇ ಬಂದುಬಿಟ್ಟರೆ ಹಸಿದ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲಬೇಕಾಗುವುದು.

ಭಾವನವರು ಹೆಚ್ಚು ಯೋಚಿಸಲಿಲ್ಲ. “ಚಿಕ್ಕ ಮಕ್ಕಳಿರುವರು, ಮೊದಲನೆಯ ಪಂಕ್ತಿಯೇ ಸರಿ” ಎಂದು ಒಂಬತ್ತು ಜನರಿಗೂ ಒಂದೇ ಮೇಜನ್ನು ಬರೆಯಿಸಿದರು. ನಾವೂ ತಲೆದೂಗಿದೆವು. ಮದುವೆಯ ಮನೆಯ ನ್ಯಾಯ ನಮ್ಮ ತಲೆಯಲ್ಲಿಯೂ ಇದ್ದಿತಷ್ಟೆ.

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಸುಮಾರು ನಾಲ್ಕೂವರೆ ಘಂಟೆಯ ದಾರಿ. ಇಳಿದ ಕೂಡಲೇ ಗಡಿಯಾರವನ್ನು ಎರಡೂವರೆ ಘಂಟೆ ಮುಂದಕ್ಕೆ ತಿರುಗಿಸಬೇಕು. ನಾವು ಯಾನದ ಹಿಂದಿನ ಸಂಜೆ ಭಾವನವರ ಮನೆಗೆ ತಲಪಿ, ಮರುದಿನ ಮಧ್ಯಾಹ್ನ ೨೦೧೨ರಲ್ಲಿ ತೆರೆದ ಮರೀನಾ ಬೇ ಬಂದರುಕಟ್ಟೆಯಲ್ಲಿ ಹಡಗನ್ನು ಏರಿದೆವು. ಅದನ್ನು ಹಡಗೆನ್ನುವುದಕ್ಕಿಂತ ನೀರಿನ ಮೇಲೆ ನಿಂತ ಹದಿನೈದು ಅಂತಸ್ತಿನ ಪೇಟೆಯೆನ್ನುವುದೇ ಸರಿ. ಮಕ್ಕಳು ಏತಯಂತ್ರದಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿ, ಮೇಲಂತಸ್ತಿನ ಬಫೆಯಲ್ಲಿ ಎರಡು ಘಂಟೆಗೆ ಅನ್ನ ಸಾರನ್ನು ಉಂಡರು. ಐದು ಘಂಟೆಗೆ ಲಂಗರು ಎತ್ತಿದರು. ಸಮುದ್ರದ ಮೇಲೆ ಎಲ್ಲಿ ನೋಡಿದರೂ ಸರಕಿನ ಹಡಗುಗಳು ಸಾಲುಗಟ್ಟಿ ನಿಂತಿದ್ದುವು. ಮಲಕ್ಕಾ ಜಲಸಂಧಿಯ ಉದ್ದ ಸುಮಾರು ೮೦೦ ಕಿಲೋಮೀಟರು. ಅದರೊಳಗೆ ಹೋಗುವ ದಾರಿಯು ಸಿಂಗಪುರದ ಬಳಿ ಒಂದು ಕಡೆಯಲ್ಲಿ ಮೂರು ಕಿಲೋಮೀಟರಿಗಿಂತಲೂ ಕಿರಿದಾಗಿದೆ. ಪೂರ್ವ ಪಶ್ಚಿಮಗಳ ವ್ಯಾಪಾರವೆಲ್ಲ ಆ ಕಿರಿದಾದ ಬಾಗಿಲಿನಲ್ಲಿ ನುಗ್ಗಿ ಹೋಗುವುದನ್ನು ನೋಡುತ್ತ ನಿಂತಿರುವಾಗಲೇ ಊಟದ ಕರೆ ಬಂದಿತು.

ಭೋಜನಶಾಲೆಯ ದೊಡ್ಡ ಕಿಟಕಿಗಳಲ್ಲಿ ಬಿಸಿಲು ಥಳಥಳಿಸುತ್ತಿದ್ದಿತು. ಸಿಂಗಪುರದಲ್ಲಿ ಸೂರ್ಯನು ಮುಳುಗುವುದು ವರ್ಷವೆಲ್ಲ ಸುಮಾರು ಏಳು ಘಂಟೆಗೆ. ಆ ಊರು ಇರುವ ರೇಖಾಂಶಕ್ಕೆ ತಕ್ಕ ವೇಳೆಗಿಂತ ಅಲ್ಲಿಯ ಗಡಿಯಾರ ಮುಂದಿದೆ; ೧೯೮೨ರ ಜನವರಿ ೧ರಂದು ಅದನ್ನು ಇನ್ನೂ ಅರ್ಧ ಘಂಟೆ ಮುಂದಕ್ಕೆ ಸರಿಸಿ ಈಗಿನ ವೇಳೆಯನ್ನು ಗೊತ್ತುಮಾಡಿದರು. ನಮ್ಮ ಮಗಳು ಕಿಟಕಿಯ ಕಡೆಗೆ ನೋಡಿ, “ಅಮ್ಮಾ, ಇನ್ನೂ ದೀಪವನ್ನೇ ಹಚ್ಚಿಲ್ಲ, ರಾತ್ರಿಯ ಊಟ ಹೇಗೆ?” ಎಂದು ಕೇಳಿದಳು. ಮಗುವಿನ ಮಾತೇ ಸರಿಯಾಗಿದ್ದಿತು. ಹಡಗಿನ ಐದೂಮುಕ್ಕಾಲು ಘಂಟೆಯೆಂದರೆ ಬೆಂಗಳೂರಿನಲ್ಲಿ ಮೂರೂಕಾಲು. ಅವಳ ಹೊಟ್ಟೆಯು ಇನ್ನೂ ಬೆಂಗಳೂರಿನಲ್ಲಿಯೇ ಇದ್ದಿತು! ಭಾವನವರ ಮಕ್ಕಳು ಎರಡು ಸಲ ಹಾಕಿಸಿಕೊಂಡು ಉಂಡರು. ನಮ್ಮ ಮಕ್ಕಳು ರೊಟ್ಟಿಯನ್ನು ಚಿವುಟಿ ಉಂಡೆ ಮಾಡಿ ಆಡಿದರು. ಚಿಕ್ಕವನು ಮೇಜಿನ ಕೆಳಗೆ ನುಸುಳಿ ಪಕ್ಕದವರ ಕಾಲು ಹಿಡಿದನು. ಅರ್ಧ ಘಂಟೆಯೊಳಗಾಗಿ ನಮ್ಮ ಯಜಮಾನರು ಅವನನ್ನು ಎತ್ತಿಕೊಂಡು ಹೊರಗೆ ಹೋಗಬೇಕಾಯಿತು. ಅತ್ತೆಯವರು ಬರಿದಾದ ಎರಡು ಕುರ್ಚಿಗಳನ್ನು ನೋಡಿ ಏನೂ ಹೇಳಲಿಲ್ಲ.

ರಾತ್ರಿ ಹತ್ತು ಘಂಟೆಯಾಗುತ್ತಲೇ ಕೋಣೆಯಲ್ಲಿ ಇಬ್ಬರು ಮಕ್ಕಳೂ “ಹಸಿವು, ಹಸಿವು” ಎಂದು ಅಳತೊಡಗಿದರು. ಮನೆಯಲ್ಲಿ ಅವರು ಉಣ್ಣುವ ಏಳೂವರೆ ಘಂಟೆ ಆಗ ತಾನೇ ಬಂದಿದ್ದಿತು. ಬಫೆಯ ಬಾಗಿಲನ್ನು ಮುಚ್ಚಿಬಿಟ್ಟಿದ್ದರು. ಆರು ಅಂತಸ್ತುಗಳನ್ನು ಅಲೆದು, ಪಿಟ್ಸಾ ಕೊಡುವ ಒಂದು ಅಂಗಡಿ ತೆರೆದಿರುವುದನ್ನು ಕಂಡು, ಅದನ್ನೂ ಎರಡು ಬಾಳೆಯ ಹಣ್ಣುಗಳನ್ನೂ ತಂದು ತಿನ್ನಿಸಿ ಮಲಗಿಸುವುದರೊಳಗೆ ನಡುರಾತ್ರಿಯಾಯಿತು.

ಮರುದಿನ ಮಧ್ಯಾಹ್ನ ಪಿನಾಂಗ್ ದ್ವೀಪ. ೨೦೦೮ರಲ್ಲಿ ಯುನೆಸ್ಕೋ ಸಂಸ್ಥೆಯವರು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಜಾರ್ಜ್‌ಟೌನ್ ನಗರವು ಬಂದರಿನ ಎದುರಿಗೇ ಇದೆ. ಹಳೆಯ ಚೀಣೀಯರ ಅಂಗಡಿಮನೆಗಳ ನಡುವೆ ನಡೆದು, ಕ್ವೀನ್ ಬೀದಿಯಲ್ಲಿ ೧೮೩೩ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ಗುಡಿಯನ್ನು ಕಂಡೆವು. ಅತ್ತೆಯವರು ಕೈಮುಗಿದು ಬಹಳ ಹೊತ್ತು ನಿಂತಿದ್ದರು. ಬೀದಿಯ ಹೋಟೆಲಿನಲ್ಲಿ ದೋಸೆ ತಿಂದು ನಾವು ಹಡಗಿಗೆ ಹಿಂತಿರುಗಿದೆವು. ಹಿಂದಿನ ರಾತ್ರಿಯ ಕಥೆಯನ್ನು ಕೇಳಿದ ಭಾವನವರು ಬಡಿಸುವವರ ಮೇಸ್ತ್ರಿಯನ್ನು ಕಂಡು, ಎಂಟೂಕಾಲರ ಪಂಕ್ತಿಗೆ ಒಂಬತ್ತು ಸ್ಥಳಗಳನ್ನು ಕೇಳಿ ಪಡೆದುಬಿಟ್ಟರು. ಸ್ಥಳವಿದ್ದರೆ ಹೀಗೆ ಬದಲಾಯಿಸಿಕೊಡುವ ವಾಡಿಕೆಯುಂಟು.

ಆದರೆ ಆ ರಾತ್ರಿ ಕಷ್ಟವು ಮತ್ತೊಂದು ಕಡೆಯಿಂದ ಬಂದಿತು. ಭಾವನವರ ಮಕ್ಕಳು ಎಂಟೂವರೆಗೆ ಮಲಗುವ ಅಭ್ಯಾಸದವರು. ಅನ್ನ ಬರುವುದರೊಳಗೆ ಹುಡುಗಿಯು ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳು. ಹುಡುಗನು ನಿದ್ದೆಗಣ್ಣಿನಲ್ಲಿ ಅತ್ತು ರಂಪಮಾಡಿದನು. ನಮ್ಮ ಓರಗಿತ್ತಿಯವರು ಒಬ್ಬಳನ್ನು ಹೆಗಲ ಮೇಲೆ ಹಾಕಿಕೊಂಡು ಇನ್ನೊಬ್ಬನ ಕೈ ಹಿಡಿದುಕೊಂಡು ಎದ್ದುಹೋದರು. ಆಗ ಭಾವನವರು ಬೇಸರದಿಂದ, “ನಿನ್ನ ಮಕ್ಕಳ ಹಸಿವಿಗಾಗಿ ನನ್ನ ಮಕ್ಕಳು ನಿದ್ದೆಗೆಡಬೇಕೆ?” ಎಂದುಬಿಟ್ಟರು. ನಮ್ಮ ಯಜಮಾನರು, “ನಾವೇನೂ ಕೇಳಲಿಲ್ಲವಲ್ಲ, ಅಣ್ಣಾ” ಎಂದರು. ಮಾತು ಅಷ್ಟೇ, ಆದರೆ ಅದರ ಮೇಲೆ ಯಾರೂ ಮಾತನಾಡಲಿಲ್ಲ. ಅತ್ತೆಯವರು ಎರಡು ತುತ್ತು ಮೊಸರನ್ನವನ್ನು ಉಂಡು ಚಮಚವನ್ನು ಕೆಳಗಿಟ್ಟರು. ಆರು ವರ್ಷ ಕಾದು, ಕಡಲನ್ನು ದಾಟಿ ಬಂದು, ಒಂದೇ ಮೇಜಿಗೆ ಸೇರಿದ ಅಣ್ಣತಮ್ಮಂದಿರು ಊಟದ ವೇಳೆಗಾಗಿ ಮುಖ ತಿರುಗಿಸಿಕೊಂಡು ಕುಳಿತಿರುವುದನ್ನು ನೋಡಿ ನಮಗೆ ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ.

ಇದನ್ನೆಲ್ಲ ದೂರದಿಂದ ನೋಡುತ್ತಿದ್ದ ಮೇಸ್ತ್ರಿಯವರು, ಶಾಲೆಯಲ್ಲಿ ಜನ ಕಡಿಮೆಯಾದ ಮೇಲೆ ನಮ್ಮ ಬಳಿಗೆ ಬಂದರು. ಅವರು ಉಡುಪಿಯ ಕಡೆಯವರೆಂದು ಅವರ ಮಾತಿನಿಂದಲೇ ತಿಳಿಯಿತು. “ಅಮ್ಮ, ತಾವು ಊಟ ಮಾಡಲಿಲ್ಲ” ಎಂದು ಅತ್ತೆಯವರನ್ನು ಕೇಳಿ, ವಿಷಯವನ್ನು ತಿಳಿದುಕೊಂಡು, ಜೇಬಿನಿಂದ ಒಂದು ಚೀಟಿಯನ್ನು ತೆಗೆದು ಅದರ ಮೇಲೆ ಎರಡು ಸಾಲುಗಳಲ್ಲಿ ಘಂಟೆಗಳನ್ನು ಬರೆದರು. ಒಂದು ಹಡಗಿನದು, ಒಂದು ಊರಿನದು. “ನನಗೆ ಇದು ದಿನದ ಕೆಲಸ, ಅಮ್ಮ. ಕೈಯ ಗಡಿಯಾರ ಹಡಗಿನದು, ಮನಸ್ಸಿನ ಗಡಿಯಾರ ಊರಿನದು. ಊರಿನಲ್ಲಿ ನನ್ನ ಮಗಳು ಉಣ್ಣಲು ಕೂರುವಾಗ ಇಲ್ಲಿ ನಾವು ಎರಡನೆಯ ಪಂಕ್ತಿಯ ಮೇಜು ಒರಸುತ್ತಿರುತ್ತೇವೆ. ದೊಡ್ಡವರು ಗಡಿಯಾರ ನೋಡಿ ಹಸಿಯುತ್ತಾರೆ. ಮಕ್ಕಳಿಗೆ ಗಡಿಯಾರ ತಿಳಿಯುವುದಿಲ್ಲವಲ್ಲ!” ಎಂದರು. ಆಮೇಲೆ, “ಮಕ್ಕಳ ಊಟ ಬೇರೆ, ಮನೆಯವರು ಕೂಡಿ ಕೂರುವುದು ಬೇರೆ. ಎರಡನ್ನೂ ಒಂದೇ ಘಂಟೆಗೆ ಕಟ್ಟಬೇಡಿರಿ” ಎಂದು ಸೇರಿಸಿದರು.

ಈ ಮಾತು ಹೊಸದೇನೂ ಅಲ್ಲವೆಂದು ಆಮೇಲೆ ನಮಗೆ ಹೊಳೆಯಿತು. ಹಿಂದೆ ಇಂಗ್ಲೆಂಡಿಗೂ ಬೊಂಬಾಯಿಗೂ ನಡುವೆ ಓಡಾಡುತ್ತಿದ್ದ ಹಡಗುಗಳಲ್ಲಿ ದೊರೆಗಳ ಮಕ್ಕಳು ಆಯಾಗಳ ಜೊತೆಯಲ್ಲಿ ಮೊದಲೇ ಉಂಡು ಮಲಗುತ್ತಿದ್ದರು. ಹಿರಿಯರ ರಾತ್ರಿಯ ಭೋಜನಕ್ಕೆ ಎಳೆಯ ಮಕ್ಕಳನ್ನು ಕರೆದೊಯ್ಯುವ ಪದ್ಧತಿಯೇ ಇರಲಿಲ್ಲ. ಆದರೆ ಅವರ ರೀತಿಯಲ್ಲಿ ಮಕ್ಕಳನ್ನು ಹಿರಿಯರಿಂದ ಬೇರೆ ಮಾಡಿದ್ದರು. ನಮಗೆ ಬೇಕಾಗಿದ್ದುದು ಅದಲ್ಲ.

ಮೂರನೆಯ ದಿನ ಫುಕೆಟ್. ಪಟೋಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಸಾಗಿಸಿದರು. ಮಕ್ಕಳು ನಾಲ್ವರೂ ಮರಳಿನಲ್ಲಿ ಒಂದೇ ಮನೆಯನ್ನು ಕಟ್ಟಿ ಆಡಿದರು. ಹಿಂದಿನ ರಾತ್ರಿಯ ಮುನಿಸು ಹಿರಿಯರಿಗೆ ಮಾತ್ರ ಸೇರಿದುದೆಂದು ತೋರಿತು. ಆ ಸಂಜೆ ಭಾವನವರ ಸಂಸಾರವು ಐದೂಮುಕ್ಕಾಲಕ್ಕೆ ಉಂಡಿತು. ಅತ್ತೆಯವರು ಅವರ ಜೊತೆಯಲ್ಲಿ ಕುಳಿತರು. ನಾವು ಎಂಟೂಕಾಲಕ್ಕೆ ಕುಳಿತೆವು. ಹೊರನಾಡಿನ ವೇಳೆಗೆ ಮೈ ದಿನಕ್ಕೆ ಸುಮಾರು ಒಂದು ಘಂಟೆಯಂತೆ ಹೊಂದಿಕೊಳ್ಳುವುದೆಂದು ಹೇಳುವರು. ಅದಕ್ಕೆ ತಕ್ಕಂತೆ ಆ ದಿನ ನಮ್ಮ ಮಕ್ಕಳು ರಂಪವಿಲ್ಲದೆ ಅನ್ನ ಬೇಳೆಯನ್ನು ಉಂಡು, ಹಿರಿಯರ ಊಟ ಮುಗಿಯುವವರೆಗೂ ಚಿತ್ರಗಳಿಗೆ ಬಣ್ಣ ಹಚ್ಚುತ್ತ ಕುಳಿತಿದ್ದರು. ಮಕ್ಕಳ ತಟ್ಟೆಯನ್ನು ಮೊದಲು ತರಬೇಕೆಂದು ಕೇಳಿಕೊಂಡರೆ ಬಡಿಸುವವರು ಹಾಗೆಯೇ ಮಾಡುವರೆಂಬುದನ್ನು ಅಂದು ಕಲಿತೆವು. ಹೊಟ್ಟೆಗಳು ತಣ್ಣಗಾದುವು. ಆದರೆ ಅತ್ತೆಯವರ ಪಂಕ್ತಿ?

ನಾಲ್ಕನೆಯ ದಿನ ಹಡಗು ಎಲ್ಲಿಯೂ ನಿಲ್ಲದೆ ದಿನವೆಲ್ಲ ಸಮುದ್ರದ ಮೇಲೆಯೇ ಸಾಗಿತು. ಬೆಳಗ್ಗೆ ಅತ್ತೆಯವರು ಮೇಸ್ತ್ರಿಯವರ ಚೀಟಿಯನ್ನು ಕೇಳಿ ತೆಗೆದುಕೊಂಡು, ಕನ್ನಡಕವನ್ನು ಏರಿಸಿ, ಬೆರಳು ಎಣಿಸುತ್ತ ಕುಳಿತರು. “ಅವರ ಮಕ್ಕಳಿಗೆ ಶಾಲೆಯಿಂದ ಬಂದು ತಿಂಡಿ ತಿನ್ನುವ ಹೊತ್ತು ನಾಲ್ಕು. ಅದೇ ಹೊತ್ತು ನಮ್ಮ ಊರಿನಲ್ಲಿ ಒಂದೂವರೆ, ನಮ್ಮ ಮಕ್ಕಳಿಗೆ ಮಧ್ಯಾಹ್ನದ ಊಟ. ನನಗಂತೂ ರಾತ್ರಿಯ ಊಟವೇ ಇಲ್ಲ, ಫಲಾಹಾರ. ನಾಲ್ಕು ಘಂಟೆಗೆ ಎಲ್ಲರಿಗೂ ಹಸಿವು, ಯಾರಿಗೂ ನಿದ್ದೆಯಿಲ್ಲ” ಎಂದರು. ಹಡಗಿನವರು ಬರೆದು ಕೇಳಿದ ಎರಡು ಘಂಟೆಗಳಲ್ಲಿ ಇಲ್ಲದ ಘಂಟೆಯನ್ನು, ಎಪ್ಪತ್ತೆರಡು ವರ್ಷದ ಆ ಹಿರಿಯರು ಬೆರಳ ಮೇಲೆ ಕಂಡುಹಿಡಿದುಬಿಟ್ಟಿದ್ದರು.

ನಾಲ್ಕು ಘಂಟೆಗೆ ಮೇಲಂತಸ್ತಿನಲ್ಲಿ ಚಹ ಕೊಡುವ ಹೊತ್ತು, ಜನ ವಿರಳ. ಮೇಸ್ತ್ರಿಯವರು ಎರಡು ಮೇಜುಗಳನ್ನು ಸೇರಿಸಿ, ಅಡಿಗೆಯ ಮನೆಯಿಂದ ಒಂದು ದೊಡ್ಡ ಬೋಗುಣಿಯಲ್ಲಿ ಬಿಸಿ ಅನ್ನ, ಬೇಳೆಯ ಸಾರು, ಮೊಸರು, ಹಪ್ಪಳಗಳನ್ನು ಕಳುಹಿಸಿಕೊಟ್ಟರು. ಅತ್ತೆಯವರು ಕೈ ತೊಳೆದು ಬಂದು ಅನ್ನವನ್ನು ಕಲಸಿ, ನಾಲ್ವರು ಮಕ್ಕಳನ್ನೂ ಸುತ್ತಲೂ ಕೂರಿಸಿಕೊಂಡು, ಒಬ್ಬೊಬ್ಬರ ಅಂಗೈಗೆ ಕೈತುತ್ತನ್ನು ಹಾಕಿದರು. ಸಿಂಗಪುರದ ಮಕ್ಕಳು ಮೊದಲು ಚಮಚವನ್ನು ಹುಡುಕಿದರು; ಆಮೇಲೆ ಎಲ್ಲರಿಗಿಂತ ಮುಂದಾಗಿ ಕೈ ಚಾಚಿದರು. ನಾಲ್ಕು ಸುತ್ತು ಆದ ಮೇಲೆ ಭಾವನವರು ಸುಮ್ಮನೆ ಕೈ ಮುಂದಕ್ಕೆ ಚಾಚಿದರು. ಅವರ ಪಕ್ಕದಲ್ಲಿ ನಮ್ಮ ಯಜಮಾನರೂ ಚಾಚಿದರು. ಅತ್ತೆಯವರು ಇಬ್ಬರ ಕೈಗೂ ತುತ್ತು ಹಾಕಿ, “ದೊಡ್ಡವನಿಗೆ ಉಪ್ಪಿನಕಾಯಿ ಬೇಕು, ಚಿಕ್ಕವನಿಗೆ ಬೇಡ” ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಎರಡು ರಾತ್ರಿಗಳ ಮುನಿಸು ಅಲ್ಲಿಗೆ ತೀರಿತು. ಅದನ್ನು ಕುರಿತು ಯಾರೂ ಆಮೇಲೆ ಮಾತೆತ್ತಲಿಲ್ಲ.

ವಾಚಕರಲ್ಲಿ ಯಾರಾದರೂ ಇಂತಹ ಯಾನಕ್ಕೆ ಹೊರಡುವುದಾದರೆ ಅವರಿಗೆ ನಾವು ಹೇಳತಕ್ಕದ್ದು ಇಷ್ಟು. ಪಂಕ್ತಿಯನ್ನು ಬರೆಯಿಸುವ ಮೊದಲು ಹಡಗಿನ ಘಂಟೆಯನ್ನು ಮನೆಯ ಘಂಟೆಗೆ ಇಳಿಸಿ ನೋಡಿರಿ. ಮೂಡಲ ದಿಕ್ಕಿಗೆ, ಸಿಂಗಪುರದಂತಹ ಕಡೆಗೆ ಹೊಸದಾಗಿ ಹೋದವರ ಮಕ್ಕಳಿಗೆ ಎರಡನೆಯ ಪಂಕ್ತಿಯೇ ಅನುಕೂಲ. ಪಡುವಲಿಗೆ ಹೋದರೆ ಲೆಕ್ಕವು ತಿರುಗುಮುರುಗಾಗುವುದು: ಬೇಸಿಗೆಯಲ್ಲಿ ಸ್ಪೇಯ್ನ್, ಇಟಲಿಗಳ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಘಂಟೆ ಹಿಂದಿರುವುದರಿಂದ, ಅಲ್ಲಿಯ ಐದೂಮುಕ್ಕಾಲು ನಮ್ಮ ಮಕ್ಕಳಿಗೆ ರಾತ್ರಿ ಒಂಬತ್ತೂಕಾಲು, ಎಂಟೂಕಾಲೆಂದರೆ ನಡುರಾತ್ರಿಗೆ ಕಾಲು ಘಂಟೆ. ಅಲ್ಲಿ ಮೊದಲನೆಯ ಪಂಕ್ತಿಯನ್ನು ಬಿಟ್ಟು ಬೇರೆ ಯೋಚನೆಯೇ ಬೇಡ. ನಮ್ಮ ದೇಶದ ಕರಾವಳಿಯಲ್ಲಿಯೇ ಸುತ್ತಿಬರುವ ಹಡಗಿನಲ್ಲಿ ಮನೆಯ ಅಭ್ಯಾಸವೇ ಸಾಕು. ಎಲ್ಲಿಯೇ ಆಗಲಿ, ಮೊದಲ ರಾತ್ರಿಗೆಂದು ಕೋಣೆಯಲ್ಲಿ ಬಾಳೆಯ ಹಣ್ಣನ್ನೂ ಬಿಸ್ಕತ್ತನ್ನೂ ಇಟ್ಟುಕೊಂಡಿರಿ. ಬಫೆಯನ್ನು ಮುಚ್ಚುವ ವೇಳೆಯನ್ನು ಹತ್ತಿದ ದಿನವೇ ಕೇಳಿ ತಿಳಿದುಕೊಳ್ಳಿರಿ. ಬದಲಾಯಿಸಬೇಕಾದರೆ ಮೇಸ್ತ್ರಿಯನ್ನು ಆ ದಿನವೇ ಕಾಣಿರಿ.

ಇಷ್ಟಾದರೂ ಎರಡು ಮನೆಯ ಮಕ್ಕಳಿಗೆ ಒಂದು ಘಂಟೆ ಹೊಂದದಿದ್ದರೆ ಕೊರಗಬೇಡಿರಿ. ರಾತ್ರಿಯ ಊಟವನ್ನು ಅವರವರ ಹಸಿವಿಗೆ ಬಿಟ್ಟು, ಒಟ್ಟಾಗಿ ಕೂರಲು ಬೇರೆ ಹೊತ್ತನ್ನು ಹುಡುಕಿರಿ.

ಐದನೆಯ ದಿನ ಬೆಳಗ್ಗೆ ಸಿಂಗಪುರದಲ್ಲಿ ಇಳಿಯುವಾಗ ಮೇಸ್ತ್ರಿಯವರು ಬಾಗಿಲಲ್ಲಿ ನಿಂತಿದ್ದರು. ಅತ್ತೆಯವರು ಅವರ ಮಗಳ ವಯಸ್ಸನ್ನು ಕೇಳಿದರು. ಏಳು ವರ್ಷವೆಂದೂ, ಇನ್ನು ಎರಡು ತಿಂಗಳಿಗೆ ತಮಗೆ ರಜೆಯೆಂದೂ ಅವರು ಹೇಳಿದರು. ಅತ್ತೆಯವರು ಆ ಚೀಟಿಯನ್ನು ಮಡಿಸಿ ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ಈಗಲೂ ಬೆಂಗಳೂರಿನಲ್ಲಿ ಮಧ್ಯಾಹ್ನ ಒಂದೂವರೆಯಾಗುತ್ತಲೇ, ಎಲೆಯ ಮುಂದೆ ಕುಳಿತು, “ಅಲ್ಲಿ ಮಕ್ಕಳು ಶಾಲೆಯಿಂದ ಬಂದಿರಬೇಕು” ಎನ್ನುತ್ತಾರೆ.